ಮೊದಲು ಕೈ ಎತ್ತಿದವರು ಯಾರು?

ನಾನು ಆಪ್ತಸಮಾಲೋಚಕಿ, ಅಂದರೆ ಕೌನ್ಸೆಲರ್. ಕೆಲಸದ ಜೊತೆಗೆ ದೂರಶಿಕ್ಷಣದಲ್ಲಿ ಕ್ರಿಮಿನಾಲಜಿ (ಅಪರಾಧಶಾಸ್ತ್ರ) ಓದುವವರು ನನ್ನ ಹತ್ತಿರ ಆಗಾಗ ಬರುತ್ತಾರೆ. ಹೆಚ್ಚಿನವರದು ಒಂದೇ ಪ್ರಶ್ನೆ: ಇದರಿಂದ ಕೆಲಸ ಸಿಗುತ್ತಾ? ಅದಕ್ಕೆ ಉತ್ತರ ಹೇಳುವುದು ಸುಲಭ. ಪಿಎಸ್‌ಐ ಪರೀಕ್ಷೆಗೆ ಯಾವ ಡಿಗ್ರಿ ಆದರೂ ನಡೆಯುತ್ತದೆ, ಇದೇ ಬೇಕು ಅಂತೇನಿಲ್ಲ. ಫೊರೆನ್ಸಿಕ್ ಲ್ಯಾಬ್ ಸೇರಬೇಕು ಅಂದರೆ ವಿಜ್ಞಾನ ಓದಿರಬೇಕು, ಲ್ಯಾಬಿನಲ್ಲಿ ಕೈ ಪಳಗಿರಬೇಕು. ಫೀಸು ಕಟ್ಟುವ ಮೊದಲು ಆ ಕೋರ್ಸು ಆ ವರ್ಷಕ್ಕೆ ಯುಜಿಸಿಯ ದೂರಶಿಕ್ಷಣ ಬ್ಯೂರೊ ಪಟ್ಟಿಯಲ್ಲಿ ಇದೆಯಾ ನೋಡಿಕೊಳ್ಳಿ. ಇಷ್ಟು ಹೇಳಿ ಕಳಿಸುತ್ತೇನೆ.

ಆದರೆ ಇನ್ನೊಂದು ಬಗೆಯವರೂ ಬರುತ್ತಾರೆ. ಮನೆಯಲ್ಲಿ ಏನೋ ನಡೆದುಹೋಗಿರುತ್ತದೆ. ಅಣ್ಣ ಜೈಲಿನಲ್ಲಿ ಇರುತ್ತಾನೆ, ಅಥವಾ ಮನೆಯವರೇ ಯಾರೋ ಕೊಲೆಯಾಗಿರುತ್ತಾರೆ. ಅದು ಯಾಕೆ ಆಯಿತು ಅಂತ ತಿಳಿಯಬೇಕು, ಅದಕ್ಕೇ ಸೇರಿರುತ್ತಾರೆ. ಹಾಗಂತ ಬಾಯಿಬಿಟ್ಟು ಹೇಳುವುದಿಲ್ಲ. ಇದು ಅಂಥ ಒಬ್ಬರ ಕಥೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ.

ಸರಕಾರಿ ಕಚೇರಿಯಲ್ಲಿ ಎಸ್‌ಡಿಎ, ವಯಸ್ಸು ಮೂವತ್ತರ ಆಚೀಚೆ. ಮೊದಲ ದಿನ ಅಮ್ಮನ ಜೊತೆ ಬಂದರು. ನಿದ್ದೆ ಇಲ್ಲ, ಪರೀಕ್ಷೆ ಅಂದರೆ ಕೈ ನಡುಗುತ್ತದೆ ಅಂದರು. ಈ ಕೋರ್ಸು ಯಾಕೆ ಸೇರಿದಿರಿ ಅಂತ ಕೇಳಿದೆ. "ಪ್ರಮೋಷನ್‌ಗೆ" ಅಂದರು. ಅವರ ಇಲಾಖೆಯಲ್ಲಿ ಕ್ರಿಮಿನಾಲಜಿಯಿಂದ ಪ್ರಮೋಷನ್ ಸಿಗುವುದಿಲ್ಲ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಅಮ್ಮ ಬಾಗಿಲ ಕಡೆ ನೋಡುತ್ತಾ, "ಓದಿ ಓದಿ ತಮ್ಮನನ್ನ ವಾಪಸ್ ತರ್ತಾಳಂತೆ" ಅಂದರು. ಆ ಹೊತ್ತಿಗೆ ಅದನ್ನು ಕೆದಕಲಿಲ್ಲ. ನಿದ್ದೆಯ ಬಗ್ಗೆಯೇ ಎರಡು ಭೇಟಿ ಕಳೆದೆ. ಅದು ನನ್ನ ತಪ್ಪು.

ಮೂರನೇ ಸಲ ಒಬ್ಬರೇ ಬಂದರು. ಬ್ಯಾಗಿನಿಂದ ವಿಕ್ಟಿಮಾಲಜಿ, ಅಂದರೆ ಅಪರಾಧಕ್ಕೆ ಬಲಿಯಾದವರ ಬಗೆಗಿನ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ನಡುವೆ ಒಂದು ಬಸ್ ಟಿಕೆಟ್ ಇತ್ತು. ಆ ಪುಟದಲ್ಲಿ ಎರಡು ಸಾಲಿನ ಕೆಳಗೆ ಪೆನ್ಸಿಲ್ ಎಷ್ಟು ಒತ್ತಿ ಗೆರೆ ಎಳೆದಿತ್ತೆಂದರೆ ಹಿಂದಿನ ಪುಟದಲ್ಲಿ ಉಬ್ಬು ಬಂದಿತ್ತು. ಮಾರ್ವಿನ್ ವುಲ್ಫ್‌ಗ್ಯಾಂಗ್ ಎಂಬ ಅಮೆರಿಕದ ವಿದ್ವಾಂಸರು ಫಿಲಡೆಲ್ಫಿಯಾದಲ್ಲಿ 1948ರಿಂದ 1952ರವರೆಗೆ ನಡೆದ 588 ಕೊಲೆಗಳ ಪೊಲೀಸ್ ದಾಖಲೆ ನೋಡಿದ್ದರು. ಅದರಲ್ಲಿ 150, ಅಂದರೆ ಶೇ 26ರಷ್ಟು ಪ್ರಕರಣಗಳಲ್ಲಿ ಮೊದಲು ಕೈ ಮಾಡಿದ್ದು ಸತ್ತವರೇ. ಇದಕ್ಕೆ ಅವರಿಟ್ಟ ಹೆಸರು ವಿಕ್ಟಿಮ್ ಪ್ರೆಸಿಪಿಟೇಷನ್.

"ಮೇಡಂ, ನನ್ನ ತಮ್ಮನೂ ಈ 150ರಲ್ಲಿ ಒಬ್ಬ" ಅಂದರು.

ಜಾತ್ರೆಯಲ್ಲಿ ಜಗಳ. ಮೊದಲು ಕಪಾಳಕ್ಕೆ ಹೊಡೆದದ್ದು ತಮ್ಮ. ಆಚೆಯವನ ಕೈಗೆ ಒಂದು ರಾಡು ಸಿಕ್ಕಿತು. ಪೊಲೀಸರು ಐಪಿಸಿ 302, ಅಂದರೆ ಕೊಲೆ ಕೇಸು ಹಾಕಿದ್ದರು. ಕೋರ್ಟಿನಲ್ಲಿ ಅದು 304ರ ಎರಡನೇ ಭಾಗಕ್ಕೆ, ಅಂದರೆ ಕೊಲೆಯಲ್ಲದ ನರಹತ್ಯೆಗೆ ಇಳಿಯಿತು, ಶಿಕ್ಷೆಯೂ ಕಡಿಮೆಯಾಯಿತು. ತಮ್ಮ ಮೊದಲು ಹೊಡೆದದ್ದಕ್ಕೇ ಹೀಗಾಯಿತು ಅಂತ ಮನೆಯಲ್ಲಿ ಎಲ್ಲರೂ ನಂಬಿಕೊಂಡಿದ್ದರು, ಯಾರೂ ಬಾಯಿಬಿಟ್ಟಿರಲಿಲ್ಲ. ಈಗ ಅದೇ ಮಾತು ಪಠ್ಯಪುಸ್ತಕದಲ್ಲಿ ಅಚ್ಚಾಗಿದೆ. ಅಸೈನ್‌ಮೆಂಟಿನಲ್ಲಿ ಅದನ್ನೇ ಉದಾಹರಣೆ ಕೊಟ್ಟು ವಿವರಿಸಬೇಕು. ರಾತ್ರಿ ಹನ್ನೊಂದಕ್ಕೆ, ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯಲ್ಲಿ ಕೂತು ನಾಲ್ಕು ಪುಟ ತಮ್ಮನ ಬಗ್ಗೆ ಬರೆದು ಹರಿದು ಹಾಕಿದ್ದರು.

ದೂರಶಿಕ್ಷಣದ ಈ ತೊಂದರೆ ನನ್ನನ್ನು ಕಾಡುತ್ತದೆ. ಕ್ಲಾಸಿನಲ್ಲಿ ಆಗಿದ್ದರೆ ಯಾರಾದರೂ ಎದ್ದು ನಿಂತು, "ಸಾರ್, ಅಂದರೆ ಸತ್ತವನದ್ದೇ ತಪ್ಪಾ?" ಅಂತ ಕೇಳುತ್ತಿದ್ದರು. ಮೇಷ್ಟ್ರು, ಇಲ್ಲಪ್ಪ, ಇದು ಯಾರು ಮೊದಲು ಕೈ ಮಾಡಿದರು ಅನ್ನುವ ಲೆಕ್ಕ, ತಪ್ಪಿನ ಲೆಕ್ಕ ಅಲ್ಲ ಅಂತ ಹೇಳುತ್ತಿದ್ದರು. ಇದೇ ಪದವನ್ನು ಮುಂದೆ ಮೆನಾಕೆಮ್ ಅಮೀರ್ ಎನ್ನುವವರು ಅತ್ಯಾಚಾರ ಪ್ರಕರಣಗಳಿಗೂ ಹಚ್ಚಿ ಎಷ್ಟು ಟೀಕೆ ತಿಂದರು ಅಂತಲೂ ಹೇಳುತ್ತಿದ್ದರೇನೋ. ಅಡುಗೆಮನೆಯಲ್ಲಿ ಅದನ್ನೆಲ್ಲ ಯಾರು ಹೇಳುತ್ತಾರೆ? (ದೂರಶಿಕ್ಷಣದ ವಿಶ್ವವಿದ್ಯಾಲಯ ಇಗ್ನೋದಲ್ಲಿ ಪಾಠ ಹೇಳುವವರಿಗೂ ಕೌನ್ಸೆಲರ್ ಅಂತಲೇ ಹೆಸರು. ಆ ಕೆಲಸವೂ ನನ್ನದೇ ಅಂದುಕೊಂಡು ಬರುವವರಿದ್ದಾರೆ.)

ಅವತ್ತು ನಾನು ಹೇಳಿದ್ದು ಸ್ವಲ್ಪವೇ. ಆ 588 ಜನರಲ್ಲಿ ಒಬ್ಬರ ಅಕ್ಕನನ್ನೂ ವುಲ್ಫ್‌ಗ್ಯಾಂಗ್ ಮಾತಾಡಿಸಿದ್ದಲ್ಲ, ಅವರು ನೋಡಿದ್ದು ಫೈಲು. ನಿಮ್ಮ ತಮ್ಮನನ್ನು ಆ ಲೆಕ್ಕಕ್ಕೆ ಸೇರಿಸಿದ್ದು ನೀವು. ಕೋರ್ಸು ಬಿಡಬೇಡಿ. ಆ ಒಂದು ಪೇಪರನ್ನು ಮುಂದಿನ ಪರೀಕ್ಷೆಗೆ ಇಟ್ಟುಕೊಳ್ಳಿ, ಅದಕ್ಕೆ ಅವಕಾಶ ಇದೆ. ಅಸೈನ್‌ಮೆಂಟಿಗೆ ಪುಸ್ತಕದಲ್ಲಿರುವ ಉದಾಹರಣೆ ಸಾಕು. ತಮ್ಮನ ಬಗ್ಗೆ ಬರೆಯಬೇಕು ಅನ್ನಿಸಿದರೆ ಬೇರೆ ನೋಟ್‌ಬುಕ್ ಇಡಿ, ಅದಕ್ಕೆ ಮಾರ್ಕ್ಸ್ ಹಾಕುವವರು ಇರುವುದಿಲ್ಲ. ರಾತ್ರಿ ಹತ್ತರ ಮೇಲೆ ಈ ವಿಷಯ ಓದಬೇಡಿ. ಭಾನುವಾರದ ಸಂಪರ್ಕ ತರಗತಿ ಒಂದನ್ನೂ ತಪ್ಪಿಸಬೇಡಿ. ಹೋಗಿ, ಪ್ರಶ್ನೆ ಕೇಳಿ.

ಓದೇ ಬಿಡಿಸಬೇಕಿತ್ತು ಅಂತ ನನ್ನ ಸಹೋದ್ಯೋಗಿಯೊಬ್ಬರು ಜಗಳಕ್ಕೇ ಬಂದರು. ಗಾಯವನ್ನು ದಿನಾ ಕೆರೆಯುವ ಹಾಗೆ ಅಲ್ವಾ ಅಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮನೆಯವರು ಎಷ್ಟೋ ವರ್ಷದಿಂದ ಅವರಿಗೆ ಹೇಳುತ್ತಾ ಬಂದದ್ದು "ಸುಮ್ನಿರು" ಅಂತ. ನಾನೂ ಓದು ಬಿಡಿ ಅಂದಿದ್ದರೆ ಅದೇ ಮಾತನ್ನು ಫೀಸು ತಗೊಂಡು ಹೇಳಿದ ಹಾಗಾಗುತ್ತಿತ್ತು. ಯಾಕೆ ಹೀಗಾಯಿತು ಅಂತ ಕೇಳುವುದು ಕಾಯಿಲೆ ಅಲ್ಲ.

ಎರಡು ತಿಂಗಳ ಮೇಲೆ ಅವರೇ ಇನ್ನೊಂದು ಪುಟ ತಂದು ತೋರಿಸಿದರು. ಇದು ಕಾನೂನಿನ ಪೇಪರು. ತೀರ್ಪಿನ ಜೆರಾಕ್ಸನ್ನೂ ಪಕ್ಕದಲ್ಲಿಟ್ಟರು. ಯಾವುದು ಕೊಲೆ ಅಂತ ಹೇಳುವ ಐಪಿಸಿ 300ರ ನಾಲ್ಕನೇ ವಿನಾಯಿತಿ ಹಠಾತ್ ಜಗಳದ ಬಗ್ಗೆ ಇದೆ, ಕೋರ್ಟು ಹಿಡಿದದ್ದು ಅದನ್ನೇ. ಅದರ ಕೆಳಗೆ ಒಂದು ವಿವರಣೆ ಇದೆ: ಕೆಣಕಿದವರು ಯಾರು, ಮೊದಲು ಕೈ ಮಾಡಿದವರು ಯಾರು ಅನ್ನುವುದು ಇಲ್ಲಿ ಮುಖ್ಯವಲ್ಲ. 2024ರ ಜುಲೈ 1ರಂದು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅದರ 101ನೇ ಸೆಕ್ಷನ್ನಿನಲ್ಲೂ ಈ ಮಾತು ಉಳಿದಿದೆ.

"ಹಾಗಾದ್ರೆ ಅವನು ಹೊಡೆದದ್ದಕ್ಕೆ ಶಿಕ್ಷೆ ಕಮ್ಮಿ ಆಗಿದ್ದಲ್ಲ, ಅಲ್ವಾ ಮೇಡಂ?"

ನಾನು ವಕೀಲೆ ಅಲ್ಲ, ಸಂಪರ್ಕ ತರಗತಿಯಲ್ಲಿ ಕೇಳಿ ಅಂದೆ. ಆಗಲೇ ಕೇಳಿ ಆಗಿತ್ತಂತೆ. ಅಮ್ಮನಿಗೂ ಓದಿ ಹೇಳಿದರಂತೆ. ಅಮ್ಮ ಏನೂ ಅನ್ನದೆ ಎದ್ದು ಹೋಗಿ ಒಲೆ ಹಚ್ಚಿದರಂತೆ. ಇದೊಂದು ಸಾಲಿನಿಂದ ನಿದ್ದೆ ಬಂತು ಅಂದರೆ ಸುಳ್ಳಾಗುತ್ತದೆ. ಮಾತ್ರೆ ಇನ್ನೂ ನಡೆಯುತ್ತಿದೆ.

ಹೋದ ವಾರ ಫೋನ್ ಮಾಡಿದ್ದರು. ಹಾಲ್ ಟಿಕೆಟ್ ಬಂದಿದೆ, ಮುಂದಕ್ಕೆ ಹಾಕಿದ್ದ ಪೇಪರೂ ಅದರಲ್ಲಿದೆ ಅಂದರು. ಬರೀತೀರಾ ಅಂತ ಕೇಳಿದೆ.

"ನೋಡೋಣ ಮೇಡಂ. ರಜೆ ಅಂತೂ ಹಾಕಿದ್ದೀನಿ."