ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರನ್ನೇ ನೆಚ್ಚಿ ನೌಕರಿ ಬಿಡುವ ಮುನ್ನ

ಪುಣೆಯ ಹಿಂಜವಡಿಯ ನೌಕರಿ ಮುಗಿಸಿ ಬಂದು ರಾತ್ರಿ ಕುಳಿತು ಬರೆದ ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಈಗ 31 ಹೋಟೆಲುಗಳು ತಿಂಗಳಿಗೆ 800 ರೂಪಾಯಿಯಂತೆ ಕೊಡುತ್ತಿವೆ, ಇನ್ನು ಇದನ್ನೇ ಪೂರ್ಣಾವಧಿ ಉದ್ಯೋಗ ಮಾಡಿಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನೂ ಪುಣೆಯಲ್ಲಿ ಇದೇ ದಾರಿ ಸವೆಸಿದವನಾದ್ದರಿಂದ ತುಸು ವಿವರವಾಗಿ ಬರೆಯುತ್ತೇನೆ.

ಮೊದಲು ಆ 31ರಲ್ಲಿ ನಿಮ್ಮ ಪರಿಚಯದವರೆಷ್ಟು ಎಂಬುದನ್ನು ಎಣಿಸಿ ನೋಡಿ. ಇಲ್ಲಿನ ನಮ್ಮ ಕರಾವಳಿಯ ಹೋಟೆಲ್ ಮಾಲೀಕರು ಊರಿನ ಹುಡುಗನೆಂಬ ಅಭಿಮಾನದಿಂದ ಮೊದಲ ವರ್ಷ ಬೆಲೆಯನ್ನೂ ವಿಚಾರಿಸದೆ ತೆಗೆದುಕೊಳ್ಳುತ್ತಾರೆ. ನನ್ನ ಮೊದಲ 14 ಗ್ರಾಹಕರಲ್ಲಿ 11 ಮಂದಿ ಹಾಗೆ ಬಂದವರು. ಎರಡನೆಯ ವರ್ಷದ ಹಣ ಕೇಳಲು ಹೋದಾಗ ಅವರಲ್ಲಿ ಐದು ಮಂದಿ ಚಹಾ ಕುಡಿಸಿ, ಮಳೆ–ಬೆಳೆ ವಿಚಾರಿಸಿ, ಹಾಗೆಯೇ ಕಳಿಸಿಕೊಟ್ಟರು. ಒಂದು ಕಡೆ ಗಲ್ಲಾದ ಮೇಲಿದ್ದ ಕಂಪ್ಯೂಟರಿಗೆ ಟೇಬಲ್ ಒರೆಸುವ ಬಟ್ಟೆ ಹೊದಿಸಿತ್ತು, ಪಕ್ಕದಲ್ಲಿ ಕಾರ್ಬನ್ ಹಾಳೆಯ ಹಳೆಯ ಬಿಲ್ ಪುಸ್ತಕ ತೆರೆದಿತ್ತು. ಆದ್ದರಿಂದ ನಿಮ್ಮ ಊರು, ಮನೆತನ ಯಾವುದೂ ಗೊತ್ತಿಲ್ಲದ ಹತ್ತು ಹೋಟೆಲುಗಳಾದರೂ ಎರಡನೆಯ ವರ್ಷದ ಹಣವನ್ನು ಮುಂಗಡವಾಗಿ ಕೊಡುವವರೆಗೆ ರಾಜೀನಾಮೆ ಪತ್ರ ಬರೆಯಬೇಡಿ ಎಂಬುದೇ ನನ್ನ ಸಲಹೆ. ತಿಂಗಳಿಗೆ 24,800 ರೂಪಾಯಿ ಬರುತ್ತಿದೆ ಎಂಬ ಲೆಕ್ಕ ಅಲ್ಲಿಯವರೆಗೆ ಅರ್ಧ ವ್ಯಾಪಾರ, ಅರ್ಧ ಮುಯ್ಯಿ.

ಪರಿಚಯವಿಲ್ಲದವರು ಉಳಿಯುವುದು ಫೋನ್ ಎತ್ತುವವರಿದ್ದರೆ ಮಾತ್ರ. ಬೆಳಗಿನ ತಿಂಡಿಯ ನೂಕುನುಗ್ಗಲಿನಲ್ಲಿ ಅಡುಗೆಮನೆಯ ಪ್ರಿಂಟರ್ ನಿಂತರೆ ಮಾಲೀಕರು ನಿಮ್ಮ ಆಫೀಸಿನ ಮೀಟಿಂಗ್ ಮುಗಿಯುವ ತನಕ ಕಾಯುವುದಿಲ್ಲ. 2017ರ ನವೆಂಬರ್ 10ರಂದು ಜಿಎಸ್‌ಟಿ ಮಂಡಳಿಯು ಸಾಮಾನ್ಯ ಹೋಟೆಲುಗಳ 12 ಮತ್ತು 18 ಶೇಕಡಾ ತೆರಿಗೆಯನ್ನು 5ಕ್ಕೆ ಇಳಿಸಿ, ಅದೇ ತಿಂಗಳ 15ರಿಂದಲೇ ಜಾರಿಗೆ ತಂದಿತು. ನಾನಾಗ ಇನ್ನೂ ನೌಕರಿಯಲ್ಲಿದ್ದು, ಎರಡು ದಿನ ರಜೆ ಹಾಕಿ ಪುಣೆಯ ಕ್ಯಾಂಪ್ ಪ್ರದೇಶದಿಂದ ಚಿಂಚವಡದವರೆಗೆ ಬೈಕಿನಲ್ಲಿ ಅಲೆದು ಎಲ್ಲ ಹೋಟೆಲುಗಳ ಬಿಲ್ ತಿದ್ದಿದೆ. ಎರಡು ದೋಣಿಯ ಮೇಲಿನ ಕಾಲು ಎಷ್ಟು ದಿನ ನಡೆದೀತೆಂಬುದು ನನಗೆ ಗೊತ್ತಾದದ್ದು ಆ ವಾರ. ನೌಕರಿ ಬಿಡುವ ಮೊದಲೇ ಸಂಬಳ ಕೊಟ್ಟು ಒಬ್ಬ ಹುಡುಗನನ್ನು ಫೋನಿಗೆ ಕೂರಿಸಿ. ಅವನ ಸಂಬಳ ಕಳೆದ ಮೇಲೆ ಉಳಿಯುವುದೇ ನಿಮ್ಮ ನಿಜವಾದ ಗಳಿಕೆ.

ಬೆಲೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಸೇವೆ ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ನೀವಿನ್ನೂ 3 ಲಕ್ಷದ ಆಸುಪಾಸಿನಲ್ಲಿದ್ದೀರಿ. ಆದರೆ ದಾಟಿದ ದಿನ 18 ಶೇಕಡಾ ಸೇರಿಸಿದರೆ 800 ರೂಪಾಯಿ 944 ಆಗುತ್ತದೆ, ಮತ್ತು 5 ಶೇಕಡಾ ತೆರಿಗೆಯ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ (ತಾನು ಕೊಂಡದ್ದರ ಮೇಲೆ ತೆತ್ತ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗದ ಕಾರಣ ಆ 144 ರೂಪಾಯಿ ಪೂರ್ತಿ ಅವರ ಕೈಯಿಂದಲೇ ಹೋಗುತ್ತದೆ. ಆದ್ದರಿಂದ ಹೊಸ ಗ್ರಾಹಕರಿಗೆ ಈಗಿನಿಂದಲೇ 950 ಹೇಳಿ.

ಸಾಫ್ಟ್‌ವೇರ್ ಯಾರದೆಂಬುದನ್ನೂ ನೋಡಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಕೆಲಸದ ಭಾಗವಾಗಿ ಬರೆದದ್ದಕ್ಕೆ ನೌಕರಿ ಕೊಟ್ಟ ಮಾಲೀಕನೇ ಮೊದಲ ಹಕ್ಕುದಾರ. ಅನೇಕ ನೇಮಕಾತಿ ಪತ್ರಗಳು ಇದಕ್ಕೂ ಮುಂದೆ ಹೋಗಿ ಬಿಡುವಿನ ವೇಳೆಯ ಕೆಲಸವನ್ನೂ ಬಾಚಿಕೊಳ್ಳುತ್ತವೆ. ನಾನು ಕೆಲವು ಭಾಗವನ್ನು ಆಫೀಸಿನ ಲ್ಯಾಪ್‌ಟಾಪಿನಲ್ಲಿ ಬರೆದಿದ್ದೆ, ಅಷ್ಟನ್ನೂ ಕಿತ್ತುಹಾಕಿ ಮೊದಲಿನಿಂದ ಬರೆಯಲು ನಾಲ್ಕು ತಿಂಗಳು ಹಿಡಿಯಿತು. ನಿಮ್ಮ ಪತ್ರವನ್ನು ವಕೀಲರಿಗೆ ತೋರಿಸಿ, ಕಂಪನಿಯಿಂದ ಆಕ್ಷೇಪಣೆ ಇಲ್ಲವೆಂದು ಬರೆಸಿಕೊಳ್ಳಲು ಸಾಧ್ಯವೇ ವಿಚಾರಿಸಿ.

ಮನೆ ಸಾಲದ ಯೋಚನೆ ಇದ್ದರೆ ಸಂಬಳದ ಚೀಟಿ ಕೈಯಲ್ಲಿರುವಾಗಲೇ ಮುಗಿಸಿಕೊಳ್ಳಿ. ತಂದೆತಾಯಿಗೆ ಸಕ್ಕರೆ ಕಾಯಿಲೆ ಇದೆಯೆಂದು ಬರೆದಿದ್ದೀರಿ. ಕಂಪನಿಯ ಆರೋಗ್ಯ ವಿಮೆ ನೌಕರಿಯೊಡನೆ ಹೋಗುತ್ತದೆ, ಸ್ವಂತ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಗರಿಷ್ಠ 3 ವರ್ಷದವರೆಗೆ ಕಾಯಿಸಬಹುದು. ಆ ಕಾಯುವ ದಿನಗಳು ನೌಕರಿಯಲ್ಲಿರುವಾಗಲೇ ಕಳೆಯಲಿ ಎಂದರೆ ಪಾಲಿಸಿಯನ್ನು ಈ ತಿಂಗಳೇ ಮಾಡಿಸಬೇಕು.