ಒಂದೇ ಆ್ಯಪ್, ನಾಲ್ಕು ತರದ ಬಳಕೆದಾರರು: ಯಾರ ಅನುಕೂಲ ಮೊದಲು?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಟ್ರಾಕ್ಟರ್ ಬಾಡಿಗೆಗೆ ಕೊಡಿಸುವ ಆ್ಯಪ್ ಮಾಡುತ್ತಿದ್ದೀರಿ. ರೈತರು, ಟ್ರಾಕ್ಟರ್ ಮಾಲೀಕರು, ಡ್ರೈವರ್‌ಗಳು, ನಿಮ್ಮ ಆಫೀಸಿನಲ್ಲಿ ಫೋನ್ ಎತ್ತುವವರು, ಎಲ್ಲರೂ ಅದನ್ನೇ ಬಳಸಬೇಕು. ಒಬ್ಬರಿಗೆ ಸುಲಭ ಮಾಡಿದರೆ ಇನ್ನೊಬ್ಬರು ಬೈಯುತ್ತಾರೆ. ಎಲ್ಲರಿಗೂ ಸಮನಾಗಿ ಅನುಕೂಲ ಮಾಡುವುದು ಹೇಗೆ?

ಸಮನಾಗಿ ಮಾಡಲು ಹೋಗಲೇಬೇಡಿ. ನಾನು ರಾಯಚೂರಿನವನು, ಇಲ್ಲಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜ್‌ನ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಆ್ಯಪ್‌ನಲ್ಲಿ ಒಬ್ಬರ ಕೆಲಸ ಕಡಿಮೆಯಾಯಿತು ಅಂದರೆ ಬಹಳ ಸಲ ಅದು ಮಾಯವಾಗಿರುವುದಿಲ್ಲ, ಇನ್ನೊಬ್ಬರ ತಲೆ ಮೇಲೆ ಹೋಗಿ ಕೂತಿರುತ್ತದೆ. ಯಾರ ತಲೆ ಮೇಲೆ ಕೂತಿತು, ಅವರಿಗೆ ಅದನ್ನು ಮಾಡುವ ಪುರುಸೊತ್ತು ಇದೆಯಾ, ತಪ್ಪಾದರೆ ದುಡ್ಡು ಕಳೆದುಕೊಳ್ಳುವವರು ಯಾರು, ಇದನ್ನು ಮೊದಲು ನೋಡಿ. ತಪ್ಪಿನ ಪೆಟ್ಟು ಯಾರಿಗೆ ಜೋರಾಗಿ ಬೀಳುತ್ತದೋ, ಜೊತೆಗೆ ‘ಬೇಡ’ ಅನ್ನುವ ಅವಕಾಶ ಯಾರಿಗೆ ಕಡಿಮೆಯೋ, ಅವರ ಮಾತೇ ಕೊನೆಯ ಮಾತು. ಉಳಿದವರ ಜೊತೆ ಚೌಕಾಶಿ ಮಾಡಬಹುದು.

ಗಂಜ್‌ನ ಉದಾಹರಣೆಯನ್ನೇ ಹೇಳುತ್ತೇನೆ. ಕರ್ನಾಟಕದ ಎಪಿಎಂಸಿಗಳಿಗೆ 2014ರಿಂದ ಆನ್‌ಲೈನ್ ಟೆಂಡರ್ ಬಂತು. ಮಾಲು ಗೇಟಿಗೆ ಬಂದಾಗ ಒಂದೊಂದು ರಾಶಿಗೆ ಒಂದು ಲಾಟ್ ನಂಬರ್ ಬೀಳುತ್ತದೆ, ಖರೀದಿದಾರರು ಕಂಪ್ಯೂಟರಿನಲ್ಲಿ ದರ ಹಾಕುತ್ತಾರೆ, ಗೊತ್ತಾದ ಹೊತ್ತಿಗೆ ಟೆಂಡರ್ ತೆರೆದು ಜಾಸ್ತಿ ದರ ಹಾಕಿದವರ ಹೆಸರು ಬರುತ್ತದೆ. ಆ ದರ ಒಪ್ಪಿಗೆ ಇಲ್ಲದಿದ್ದರೆ ರೈತರು ಬೇಡ ಅನ್ನಬಹುದು. ಇಷ್ಟರೊಳಗೆ ಎಷ್ಟು ಜನ ಇದ್ದಾರೆ ನೋಡಿ: ಗೇಟಿನಲ್ಲಿ ಬರೆದುಕೊಳ್ಳುವವರು, ರೈತರು, ದಲಾಲಿ ಅಂಗಡಿಯ ಸಾಹುಕಾರರು, ಅವರ ಗುಮಾಸ್ತರು, ಖರೀದಿದಾರರು, ತೂಕ ಮಾಡುವವರು, ಹಮಾಲರು. ಹಮಾಲರು ಸ್ಕ್ರೀನ್ ಮುಟ್ಟುವುದೇ ಇಲ್ಲ. ಆದರೆ ಅದರಲ್ಲಿ ಚೀಲದ ಲೆಕ್ಕ ಒಂದು ಕಡಿಮೆ ಬಿದ್ದರೂ ಅವರ ಕೂಲಿ ಹೋಗುತ್ತದೆ. ನಿಮ್ಮ ನಾಲ್ಕು ಜನರ ಪಟ್ಟಿಯಲ್ಲೂ ಇಂಥವರು ಒಬ್ಬರು ಬಿಟ್ಟುಹೋಗಿರುತ್ತಾರೆ, ಹುಡುಕಿ.

ಎಲ್ಲರಿಗೂ ಒಂದೇ ತರದ ಚೆಂದದ ಸ್ಕ್ರೀನ್ ಕೊಡಬೇಕು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಗುಮಾಸ್ತರ ಸ್ಕ್ರೀನ್ ನೋಡಿದರೆ ನಿಮಗೆ ಹಳೇ ಕಾಲದ್ದು ಅನಿಸಬಹುದು. ಸಣ್ಣ ಅಕ್ಷರ, ಒಂದರ ಪಕ್ಕ ಒಂದು ಖಾನೆ, ಮೌಸ್ ಮುಟ್ಟದೆ ಬರೀ ಎಂಟರ್ ಒತ್ತುತ್ತಾ ಮುಂದೆ ಹೋಗುವುದು. ಹತ್ತಿ ಹಂಗಾಮಿನಲ್ಲಿ ಅವರು ಸಂಜೆ ತನಕ ಲಾಟ್ ಮೇಲೆ ಲಾಟ್ ಹೊಡೆಯುತ್ತಲೇ ಇರುತ್ತಾರೆ, ದೊಡ್ಡ ಬಟನ್ ಹಾಕಿ ಒಂದೊಂದೇ ಪುಟ ತೋರಿಸಿದರೆ ರಾತ್ರಿ ಊಟಕ್ಕೆ ಮನೆಗೆ ಹೋಗುವುದು ತಡವಾಗುತ್ತದೆ ಅಷ್ಟೇ. ದಿನವಿಡೀ ಬಳಸುವವರಿಗೆ ವೇಗ ಬೇಕು. ವರ್ಷಕ್ಕೆ ಎರಡು ಸಲ ಬರುವ ರೈತರಿಗೆ ಕಲಿಯದೇ ಅರ್ಥವಾಗಬೇಕು.

ಈಗ ರೈತರ ಕಡೆಯದು. ನಮ್ಮ ಕಡೆ, ಸಿಂಧನೂರು, ಗಂಗಾವತಿ ಕಡೆಯೆಲ್ಲ, ಭತ್ತದ ದರ ಮಾತಾಡುವುದು 75 ಕೆಜಿ ಚೀಲದ ಲೆಕ್ಕದಲ್ಲಿ. ಟೆಂಡರ್ ದರ ಬರುವುದು ಕ್ವಿಂಟಲ್ ಲೆಕ್ಕದಲ್ಲಿ. ಕ್ವಿಂಟಲ್‌ಗೆ 2,400 ಅಂದರೆ ಚೀಲಕ್ಕೆ 1,800. ಈ ಗುಣಾಕಾರವನ್ನು ರೈತರ ತಲೆಗೆ ಬಿಡುವುದು ಯಾಕೆ? ಯಂತ್ರ ಇರುವುದೇ ಅದಕ್ಕೆ. ಎರಡೂ ಅಂಕಿ ಅಕ್ಕಪಕ್ಕ ತೋರಿಸಿದರೆ ಖರೀದಿದಾರರಿಗೆ ಏನೂ ನಷ್ಟವಿಲ್ಲ.

ಇನ್ನು ಟೆಂಡರ್ ದರ ತಿಳಿಸಲು ಅಂಗಡಿಯಿಂದ ರೈತರಿಗೆ ಹೋಗುವ ಎಸ್‌ಎಂಎಸ್. ಅನುಕೂಲ ಒಬ್ಬರದು, ಖರ್ಚು ಇನ್ನೊಬ್ಬರದು ಆಗುವುದು ಇಲ್ಲೇ. ಇಂಗ್ಲಿಷ್ ಎಸ್‌ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡದ್ದಾದರೆ ಬರೀ 70. ದಾಟಿದರೆ ಎರಡು ಮೆಸೇಜಿನ ದುಡ್ಡು. ಅದೂ ನಮ್ಮ ಗುಣಿತ, ಒತ್ತಕ್ಷರ ಎಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ‘ಒಪ್ಪದಿದ್ದರೆ’ ಕಣ್ಣಿಗೆ ಐದೇ ಅಕ್ಷರ, ಲೆಕ್ಕಕ್ಕೆ 11. ಹಾಗಾಗಿ ಸಾಹುಕಾರರು ಇಂಗ್ಲಿಷಿನಲ್ಲೇ ಕಳಿಸಿ ಅಂತಾರೆ, ಅವರ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಇಂಗ್ಲಿಷ್ ಮೆಸೇಜ್ ಓದಿಸಿಕೊಳ್ಳಲು ರೈತರು ಮತ್ತೆ ಅದೇ ಅಂಗಡಿಗೆ ಬಂದು ಗುಮಾಸ್ತರ ಮುಂದೆ ಫೋನ್ ಹಿಡಿಯುತ್ತಾರೆ. ಉಳಿಸಿದ ಪೈಸೆ ಗುಮಾಸ್ತರ ಹೊತ್ತಿನಲ್ಲಿ ಹೋಯಿತು. ಅದಕ್ಕೆ ನಾವು ಸುಮ್ನೆ ವಾದ ಮಾಡದೆ ಮಾತು ಕಡಿಮೆ ಮಾಡಿದೆವು. ನಮಸ್ಕಾರ, ಧನ್ಯವಾದ, ಅಂಗಡಿಯ ಹೊಗಳಿಕೆ ಎಲ್ಲ ತೆಗೆದು ಉಳಿದದ್ದು ಹೀಗಿದೆ: ‘ಲಾಟ್ 214: 18 ಚೀಲ, ದರ 7,250. ಒಪ್ಪದಿದ್ದರೆ 4 ಗಂಟೆಯೊಳಗೆ ಬನ್ನಿ.’ 70ರೊಳಗೆ ಆರಾಮಾಗಿ ಕೂರುತ್ತದೆ. ಒಂದೇ ಮೆಸೇಜಿನ ಖರ್ಚು, ರೈತರಿಗೆ ಬೇಕಾದ್ದೆಲ್ಲ ಇದೆ, ಬೇಡ ಅನ್ನುವ ಹಕ್ಕೂ ಇದೆ. ಸಾಹುಕಾರರು ಆ ಕೊನೆಯ ಸಾಲು ತೆಗೆಯಿರಿ ಅಂದಿದ್ದರೆ ನಾನು ತೆಗೆಯುತ್ತಿರಲಿಲ್ಲ, ಉಳಿದದ್ದರ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. ಆಂಧ್ರ, ತೆಲಂಗಾಣದಿಂದ ಹತ್ತಿ ತರುವವರೂ ಇದ್ದಾರೆ, ಅವರಿಗೆ ತೆಲುಗು. ಯಾವ ಭಾಷೆ ಅಂತ ಮೊದಲ ಸಲವೇ ಕೇಳಿ ಬರೆದಿಟ್ಟುಕೊಂಡರೆ ಮುಗಿಯಿತು.

ಬಣ್ಣದ ಬಗ್ಗೆ ಒಂದೇ ಮಾತು. ತಿಳಿ ಬೂದು ಅಕ್ಷರ ಎಸಿ ರೂಮಿನಲ್ಲಿ ಚೆಂದ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1 ವ್ಯತ್ಯಾಸ ಇರಬೇಕು ಅಂತ ವೆಬ್ ಮಾನದಂಡ ಹೇಳುತ್ತದೆ, ಹೊಲದಲ್ಲಿ ಬಳಸುವುದಕ್ಕೆ ಇನ್ನೂ ಜಾಸ್ತಿ ಇಡಿ.

ನಿಮ್ಮ ಟ್ರಾಕ್ಟರ್ ವಿಷಯಕ್ಕೆ ಬರುತ್ತೇನೆ. ಮಳೆ ಬಿದ್ದು ಹದ ಬಂದಾಗ ಬಿತ್ತನೆಗೆ ಸಿಗುವುದು ಕೆಲವೇ ದಿನ. ಆಗ ಮಾಲೀಕರು ಒಂದು ಬಟನ್ ಒತ್ತಿ ಬುಕಿಂಗ್ ರದ್ದು ಮಾಡಿದರೆ ಅವರಿಗೆ ಬಹಳ ಸುಲಭ, ರೈತರ ಹದ ಮಾತ್ರ ಆರಿಹೋಗುತ್ತದೆ. ಹಾಗಾಗಿ ಆ ಬಟನ್ ಬೇಕಂತಲೇ ಸ್ವಲ್ಪ ಕಷ್ಟ ಮಾಡಿ: ಕಾರಣ ಹೇಳಬೇಕು, ಆಫೀಸಿನವರು ಬೇರೆ ಟ್ರಾಕ್ಟರ್ ಹುಡುಕುವವರೆಗೆ ಬುಕಿಂಗ್ ರದ್ದಾಗಬಾರದು, ಅದಕ್ಕೊಂದು ಗಡುವೂ ಇರಲಿ. ಹಾಗಂತ ಮಾಲೀಕರನ್ನು ಪೂರ್ತಿ ಕಟ್ಟಿಹಾಕಿದರೆ ಅವರು ಆ್ಯಪ್ ಬಿಟ್ಟುಹೋಗುತ್ತಾರೆ, ಆಮೇಲೆ ರೈತರಿಗೆ ಟ್ರಾಕ್ಟರೇ ಇಲ್ಲ. ಅವರಿಗೆ ಬೇರೆ ಕಡೆ ಧಾರಾಳವಾಗಿ ಕೊಡಿ. ಡೀಸೆಲ್ ಖರ್ಚು, ಬಾಕಿ, ದಿನದ ಲೆಕ್ಕ ಎಲ್ಲ ಸಂಜೆ ಒಂದೇ ಕಡೆ ಸಿಗಲಿ. ಅದರಿಂದ ಯಾರ ಮೇಲೂ ಹೊರೆ ಬೀಳುವುದಿಲ್ಲ.

ಡ್ರೈವರ್ ಕೈ ಸ್ಟೇರಿಂಗ್ ಮೇಲಿರುತ್ತದೆ. ಅವರಿಗೆ ‘ಶುರು’, ‘ಮುಗಿಯಿತು’ ಎರಡೇ ಬಟನ್ ಸಾಕು. ನೆಟ್‌ವರ್ಕ್ ಇಲ್ಲದಿದ್ದರೂ ಒತ್ತಿದ ಸಮಯ ಫೋನಿನಲ್ಲೇ ಉಳಿದು ಆಮೇಲೆ ಹೋಗಬೇಕು. ಗಂಟೆ ಲೆಕ್ಕದ ಕೆಲಸವಾದರೆ ಜಗಳ ಬರುವುದು ಇಲ್ಲೇ, ಊರು ಬಿಟ್ಟಾಗಿನಿಂದ ಎಣಿಸುವುದಾ, ಹೊಲ ಮುಟ್ಟಿದಾಗಿನಿಂದಲಾ? ಬುಕ್ ಮಾಡುವಾಗಲೇ ಇಬ್ಬರಿಗೂ ಅದನ್ನು ಒಂದೇ ಮಾತಿನಲ್ಲಿ ತೋರಿಸಿ.

ಫೋನ್ ಎತ್ತುವವರನ್ನು ಪಟ್ಟಿಯ ಕೊನೆಗೆ ಹಾಕಿದ್ದೀರಿ. ಮೊದಲಿಗೆ ತನ್ನಿ. ಆ್ಯಪ್‌ನಲ್ಲಿ ಎಲ್ಲಿ ಅರ್ಥವಾಗಲಿಲ್ಲವೋ ಅದೆಲ್ಲ ಕರೆಯಾಗಿ ಅವರ ಕಿವಿಗೇ ಬೀಳುತ್ತದೆ. ಒಂದು ನೋಟ್‌ಬುಕ್ ಕೊಟ್ಟು ಯಾರು, ಯಾಕೆ ಫೋನ್ ಮಾಡಿದರು ಅಂತ ಒಂದೊಂದು ಸಾಲು ಬರೆಯಲು ಹೇಳಿ. ವಾರಕ್ಕೊಮ್ಮೆ ಅವರ ಪಕ್ಕ ಕೂತು ಓದಿ. ಯಾವ ಕರೆ ಪದೇ ಪದೇ ಬರುತ್ತಿದೆಯೋ ಅದನ್ನೇ ಮುಂದಿನ ಅಪ್‌ಡೇಟ್‌ನಲ್ಲಿ ಸರಿಮಾಡಿ, ಹೊಸ ಫೀಚರ್ ಆಮೇಲೆ.