ಸರ್ವರ್ ಎಸ್‌ಎಸ್‌ಡಿ ನಿಧಾನ: ಕೆಟ್ಟಿದ್ದು ಡಿಸ್ಕೋ, ಕೇಬಲ್ಲೋ?

ಪ್ರಶ್ನೆ: ನಮ್ಮ ಸಗಟು ಔಷಧಿ ಅಂಗಡಿಯ ಬಿಲ್ಲಿಂಗ್ ಸರ್ವರ್ ಲಿನಕ್ಸ್‌ನಲ್ಲಿದೆ. ಎರಡು ವರ್ಷದ ಹಿಂದೆ ಒಂದೇ ದಿನ ಕೊಂಡ 1 ಟಿಬಿಯ ಎರಡು ಸಾಟಾ ಎಸ್‌ಎಸ್‌ಡಿಗಳನ್ನು ರೇಡ್ 1 (ಎರಡರಲ್ಲೂ ಒಂದೇ ಡೇಟಾ) ಮಾಡಿದ್ದೇವೆ. ಮನೆ ಕಂಪ್ಯೂಟರಿಗೆ ಹಾಕುವ ಮಾಮೂಲಿ ಡಿಸ್ಕ್‌ಗಳೇ. ಈಗ 90% ತುಂಬಿವೆ. ಸಂಜೆ ಗಿರಾಕಿ ಜಾಸ್ತಿಯಾದರೆ ಒಂದು ಬಿಲ್ಲಿಗೆ ನಾಲ್ಕೈದು ಸೆಕೆಂಡ್ ಹಿಡಿಯುತ್ತದೆ. ಹೋದ ವಾರ ಒಂದು ಡಿಸ್ಕ್ ರೇಡ್‌ನಿಂದ ಆಚೆ ಬಿತ್ತು, ರೀಬೂಟ್ ಮಾಡಿ ಸೇರಿಸಿದೆವು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿಸಿದ ಜಾಗ) 0, 199ನೇ ಸಾಲಿನಲ್ಲಿ 212 ಇದೆ. ಡಿಸ್ಕ್ ಹೋಯಿತಾ?

ಉತ್ತರ: ಹಾಗೆ ಕಾಣುವುದಿಲ್ಲ. ನಿಮಗಿರುವುದು ಎರಡು ಬೇರೆ ಬೇರೆ ತೊಂದರೆ.

199ನೇ ಸಾಲು ಸಿಆರ್‌ಸಿ ದೋಷದ ಲೆಕ್ಕ. ಡಿಸ್ಕಿಗೂ ಬೋರ್ಡಿಗೂ ನಡುವಿನ ದಾರಿಯಲ್ಲಿ ಡೇಟಾ ಕೆಟ್ಟಾಗ ಅದು ಏರುತ್ತದೆ. ಹಾಗಾಗಿ ಮೊದಲ ಅನುಮಾನ ಕೇಬಲ್ ಮೇಲೆ, ಆಮೇಲೆ ಸ್ಲಾಟ್ ಮೇಲೆ. ಕೇಬಲ್ ಬದಲಿಸಿ ನೋಡಿ. ಆ ಸಂಖ್ಯೆ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ. 212ರಲ್ಲೇ ನಿಂತರೆ ಸಾಕು.

ನಿಧಾನದ ಕತೆ ಬೇರೆ. ಪ್ರತಿ ಬಿಲ್ ಉಳಿಸುವಾಗಲೂ ಡೇಟಾಬೇಸು ಡಿಸ್ಕನ್ನು 'ಬರೆದಾಯ್ತಾ?' ಎಂದು ಕೇಳಿ, ಉತ್ತರ ಬರುವವರೆಗೆ ಕಾಯುತ್ತದೆ. ಇದಕ್ಕೆ ಎಫ್‌ಸಿಂಕ್ ಅನ್ನುತ್ತಾರೆ. ಸರ್ವರ್ ದರ್ಜೆಯ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಕೆಪಾಸಿಟರ್‌ಗಳಿರುತ್ತವೆ. ಕರೆಂಟ್ ಹೋದರೂ ಕೈಯಲ್ಲಿರುವುದನ್ನು ಬರೆದು ಮುಗಿಸುವಷ್ಟು ಶಕ್ತಿ ಅವುಗಳಲ್ಲಿದೆ. ಅದಕ್ಕೇ ಅವು ಧೈರ್ಯವಾಗಿ 'ಆಯ್ತು' ಅನ್ನುತ್ತವೆ. ನಿಮ್ಮ ಡಿಸ್ಕಿಗೆ ಆ ಅನುಕೂಲವಿಲ್ಲ. ಪ್ರತಿ ಸಲವೂ ಫ್ಲ್ಯಾಶ್‌ಗೆ ನಿಜವಾಗಿ ಬರೆದೇ ಹೇಳಬೇಕು. ಜೊತೆಗೆ 90% ತುಂಬಿದೆ. ಹೊಸದನ್ನು ಬರೆಯಲು ಜಾಗ ಸಿಗದೆ, ಮೊದಲು ಹಳೆಯದನ್ನು ಸರಿಸಿ ಅಳಿಸಬೇಕಾಗುತ್ತದೆ.

ಎಫ್‌ಎಸ್‌ಟ್ರಿಮ್ (ಟ್ರಿಮ್ ಮಾಡುವ, ಅಂದರೆ ಅಳಿಸಿದ ಫೈಲ್‌ಗಳ ಜಾಗ ಖಾಲಿ ಎಂದು ಡಿಸ್ಕಿಗೆ ತಿಳಿಸುವ ಆದೇಶ) ವಾರಕ್ಕೊಮ್ಮೆಯಾದರೂ ಓಡುತ್ತಿದೆಯಾ ನೋಡಿ. ರೇಡ್ ಮಾಡಿದ್ದು ಕಾರ್ಡ್ ಮೂಲಕವಾದರೆ ಟ್ರಿಮ್ ಡಿಸ್ಕ್‌ವರೆಗೆ ಹೋಗದೇ ಇರಬಹುದು. ಲಿನಕ್ಸ್‌ನ ಸ್ವಂತ ರೇಡ್ ಆದರೆ ಸಾಮಾನ್ಯವಾಗಿ ಹೋಗುತ್ತದೆ. ಹಳೇ ಬ್ಯಾಕಪ್‌ಗಳನ್ನು ಬೇರೆ ಕಡೆ ಸಾಗಿಸಿ ಕಾಲು ಭಾಗ ಖಾಲಿ ಬಿಡಿ. 'ಎಫ್‌ಸಿಂಕ್ ಆಫ್ ಮಾಡಿ, ಹಾರುತ್ತೆ' ಎಂದು ಯಾರಾದರೂ ಹೇಳಿಯಾರು. ಹಾರುತ್ತೆ ನಿಜ. ಯುಪಿಎಸ್ ಇದ್ದರೂ ಪವರ್ ಸಪ್ಲೈ ಸುಟ್ಟ ದಿನ ಡೇಟಾಬೇಸೂ ಹಾರಿಹೋಗುತ್ತೆ!

ನನಗೆ ಜಾಸ್ತಿ ಚಿಂತೆಯಾಗಿದ್ದು 'ಒಂದೇ ದಿನ ಕೊಂಡ' ಅನ್ನುವ ಮಾತು. ರೇಡ್ 1ರಲ್ಲಿ ಎರಡಕ್ಕೂ ಒಂದೇ ಬರಹ, ಆದ್ದರಿಂದ ಸವೆತವೂ ಹೆಚ್ಚುಕಮ್ಮಿ ಒಂದೇ. ಫರ್ಮ್‌ವೇರ್‌ನಲ್ಲಿ (ಡಿಸ್ಕ್ ಒಳಗಿನ ತಂತ್ರಾಂಶದಲ್ಲಿ) ದೋಷವಿದ್ದರೆ ಅದೂ ಒಂದೇ. 2019ರ ನವೆಂಬರ್‌ನಲ್ಲಿ ಸರ್ವರ್ ತಯಾರಿಸುವ ಎಚ್‌ಪಿಇ ಕಂಪನಿ ತನ್ನ ಕೆಲವು ಎಸ್‌ಎಎಸ್ (ಸರ್ವರ್‌ಗಳಲ್ಲಿ ಬಳಸುವ ಬಗೆಯ) ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರಿಸಿತ್ತು. ಫರ್ಮ್‌ವೇರ್ ಹೊಸದು ಮಾಡದಿದ್ದರೆ ಅವು 32,768 ಗಂಟೆ ಓಡಿದ ಮೇಲೆ ಕೆಡುತ್ತಿದ್ದವು. ಅಂದರೆ 3 ವರ್ಷ, 270 ದಿನ, 8 ಗಂಟೆ. ಒಟ್ಟಿಗೆ ಹಾಕಿದವು ಒಟ್ಟಿಗೇ ಹೋಗುವ ಪರಿಸ್ಥಿತಿ. ಆಗ ರೇಡ್ ಏನು ಕಾಪಾಡೀತು? ನಿಮ್ಮ ಡಿಸ್ಕ್‌ನ ಫರ್ಮ್‌ವೇರ್ ಅಪ್‌ಡೇಟ್ ಬಂದಿದೆಯಾ ನೋಡಿಕೊಳ್ಳಿ.

ದುಡ್ಡು ಹೊಂದಿದಾಗ ಕೆಪಾಸಿಟರ್ ಇರುವ ಡಿಸ್ಕ್‌ಗಳನ್ನು ತನ್ನಿ, ಎರಡನ್ನೂ ಬೇರೆ ಬೇರೆ ಬ್ಯಾಚ್‌ನಲ್ಲಿ. ಪೂರ್ತಿ ಬ್ಯಾಕಪ್ ಆದ ಮೇಲೆ ಒಂದನ್ನು ಬದಲಿಸಿ, ರೀಬಿಲ್ಡ್ (ಹೊಸದಕ್ಕೆ ಡೇಟಾ ನಕಲಾಗುವುದು) ಮುಗಿಯಲಿ, ಆಮೇಲೆ ಇನ್ನೊಂದು. ಒಂದನ್ನೇ ಬದಲಿಸಿ 'ಇನ್ನೂ ನಿಧಾನ' ಎಂದು ಬೈಯಬೇಡಿ. ಎರಡೂ ಬರೆದು ಮುಗಿಸಿದ ಮೇಲೆಯೇ ರೇಡ್ 1 'ಆಯ್ತು' ಅನ್ನುವುದು. ಹಳೆಯದು ಇರುವವರೆಗೆ ವೇಗವೂ ಹಳೆಯದೇ.